ಶೋಕದಿಂದ ಬೋಧೆಗೆ: ಅಲ್ಲಮನ ಶಿಷ್ಯಾವಸ್ಥೆಯ ಮೂರು ನಿರೂಪಣೆಗಳು

ಕನ್ನಡ ಸಾಹಿತ್ಯದ ಅಧ್ಯಯನದಲ್ಲಿ ಅಲ್ಲಮಪ್ರಭುವಿನ ಚಿತ್ರ ಬಹುಮಟ್ಟಿಗೆ ಪರಿಪೂರ್ಣ ಜ್ಞಾನಿಯ ಚಿತ್ರವೇ ಆಗಿದೆ. ಕಲ್ಯಾಣದ ಶರಣರ ನಡುವೆ ಶೂನ್ಯಸಿಂಹಾಸನವನ್ನೇರಿದವನು, ಎದುರಾದವರೆಲ್ಲರ ಅರಿವನ್ನು ಒರೆಗೆ ಹಚ್ಚಿದವನು, ಬೆಡಗಿನ ಭಾಷೆಯಲ್ಲಿ ಮಾತನಾಡಿದವನು ಎಂಬ ನೆಲೆಗಳಲ್ಲಿ ಅವನ ಬಗೆಗೆ ವಿಪುಲವಾದ ಚರ್ಚೆ ನಡೆದಿದೆ. ಆದರೆ ಗುರುವಾಗುವ ಮೊದಲು ಅಲ್ಲಮ ಏನಾಗಿದ್ದನು, ಅವನಿಗೆ ದಾರಿ ದೊರೆತದ್ದು ಹೇಗೆ, ದೊರೆತ ದಾರಿಯನ್ನು ಇತರರಿಗೆ ತೋರುವ ಅಧಿಕಾರ ಅವನಿಗೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳಿಗೆ ಅಷ್ಟೇ ಗಮನ ಸಂದಿಲ್ಲ. ಹರಿಹರನ ‘ಪ್ರಭುದೇವರ ರಗಳೆ’, ಚಾಮರಸನ ‘ಪ್ರಭುಲಿಂಗಲೀಲೆ’ ಹಾಗೂ ‘ಶೂನ್ಯಸಂಪಾದನೆ’ಗಳನ್ನು ಒಟ್ಟಿಗೆ ಇರಿಸಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕೃತಿಗಳನ್ನು ಅಲ್ಲಮನ ಜೀವನಚರಿತ್ರೆಯ ದಾಖಲೆಗಳೆಂದು ಇಲ್ಲಿ ಭಾವಿಸಿಲ್ಲ. ಗುರುತ್ವವನ್ನು ಕುರಿತು ಒಂದು ಪರಂಪರೆ ಬೇರೆ ಬೇರೆ ಕಾಲಗಳಲ್ಲಿ ತಳೆದ ನಿಲುವುಗಳೆಂದು ಅವುಗಳನ್ನು ಓದಲಾಗಿದೆ.

1

ಸುಮಾರು 1200ರ ಆಸುಪಾಸಿನ ಹರಿಹರನು ಅಲ್ಲಮನ ಕಥೆಯನ್ನು ಕೈಲಾಸದಿಂದಲೇ ಆರಂಭಿಸುತ್ತಾನೆ. ಗಣನೊಬ್ಬನು ಭೂಮಿಯಲ್ಲಿ ಹುಟ್ಟಿಬರುವುದು ಅವನ ರಗಳೆಗಳ ಪರಿಚಿತ ಚೌಕಟ್ಟು. ಆದರೆ ಭೂಮಿಗೆ ಇಳಿದ ಮೇಲೆ ಕಥೆ ಸಂಪೂರ್ಣವಾಗಿ ಮಾನುಷವಾಗುತ್ತದೆ. ಬಳ್ಳಿಗಾವೆಯ ದೇವಾಲಯದ ಪರಿಸರದಲ್ಲಿ ಬೆಳೆದ ಮದ್ದಳೆಗಾರ ಅಲ್ಲಮನು ಕಾಮಲತೆಯನ್ನು ಒಲಿಯುತ್ತಾನೆ. ಅವರ ಸುಖ ಬಹುಕಾಲ ಉಳಿಯುವುದಿಲ್ಲ. ಜ್ವರದಿಂದ ಕಾಮಲತೆ ತೀರಿಕೊಳ್ಳುತ್ತಾಳೆ. ಅಗಲಿಕೆಯಿಂದ ಕಂಗೆಟ್ಟ ಅಲ್ಲಮ ಅಲೆಯುತ್ತ ತೋಟವೊಂದರಲ್ಲಿ ಕುಳಿತು ಕಾಲ್ಬೆರಳಿನಿಂದ ನೆಲವನ್ನು ಕೆರೆಯುತ್ತಿರುವಾಗ ಹೂತುಹೋದ ಗುಡಿಯ ಕಳಸ ಕಾಣಿಸುತ್ತದೆ. ಅಗೆದು ಒಳಹೊಕ್ಕರೆ, ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತಿದ್ದಂತೆ ಅನಿಮಿಷಯ್ಯನ ಪ್ರಾಣ ಹೋಗುತ್ತದೆ.

ಈ ಪ್ರಸಂಗದಲ್ಲಿ ಮೂರು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಅಲ್ಲಮ ಗುರುವನ್ನು ಅರಸಿ ಹೊರಟವನಲ್ಲ. ಕಾಲ್ಬೆರಳಿನಿಂದ ನೆಲ ಕೆರೆಯುವುದು ಸಾಧಕನ ಕ್ರಿಯೆಯಲ್ಲ, ದುಃಖದಲ್ಲಿ ದಿಕ್ಕುಗಾಣದವನ ಅನ್ಯಮನಸ್ಕ ಚಲನೆ. ಎರಡನೆಯದಾಗಿ, ಅನಿಮಿಷಯ್ಯನು ಶಾಸ್ತ್ರವನ್ನಾಗಲಿ ಸಾಧನಾಕ್ರಮವನ್ನಾಗಲಿ ಬೋಧಿಸುವುದಿಲ್ಲ. ಇಲ್ಲಿನ ದೀಕ್ಷೆ ಕಣ್ಣಿನಿಂದ ಕೈಗೆ ನಡೆಯುವ ವರ್ಗಾವಣೆ. ಮೂರನೆಯದಾಗಿ, ಗುರು ದೊರೆತ ಗಳಿಗೆಯೇ ಗುರುವನ್ನು ಕಳೆದುಕೊಂಡ ಗಳಿಗೆಯೂ ಹೌದು. ಹೀಗೆ ಅಲ್ಲಮನ ಶಿಷ್ಯಾವಸ್ಥೆ ಎರಡು ಸಾವುಗಳ ನಡುವೆ ನಿಂತಿದೆ. ಮೊದಲನೆಯ ಸಾವು ಅವನನ್ನು ಬರಿಗೈ ಮಾಡಿತು. ಎರಡನೆಯದು ಆ ಬರಿಗೈಯಲ್ಲಿ ಲಿಂಗವನ್ನಿರಿಸಿತು. ಅಲ್ಲಮನ ಅಂಕಿತವಾದ ‘ಗುಹೇಶ್ವರ’ವನ್ನು ನೆಲದಡಿಯ ಈ ಗುಡಿಯೊಂದಿಗೆ ಇಟ್ಟು ನೋಡಿದರೆ, ಆ ಹೆಸರಿನಲ್ಲಿ ಒಳಹೊಕ್ಕ ಅನುಭವದ ಗುರುತನ್ನೂ ಕಾಣಬಹುದು.

2

ಸುಮಾರು 1430ರ ವೇಳೆಗೆ, ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಭಾಮಿನಿ ಷಟ್ಪದಿಯ 25 ಗತಿಗಳಲ್ಲಿ ‘ಪ್ರಭುಲಿಂಗಲೀಲೆ’ಯನ್ನು ರಚಿಸುವಾಗ ಕಥೆಯ ಸ್ವರೂಪವೇ ಬದಲಾಗಿದೆ. ಇಲ್ಲಿ ಕಾಮಲತೆಯಿಲ್ಲ, ಅವಳ ಸ್ಥಾನದಲ್ಲಿ ಮಾಯೆಯಿದ್ದಾಳೆ. ಪಾರ್ವತಿಯ ತಾಮಸಕಳೆಯು ಬನವಸೆಯಲ್ಲಿ ಮಮಕಾರನ ಮಗಳಾಗಿ ಹುಟ್ಟುತ್ತದೆ. ಅಲ್ಲಮನು ನಿರಹಂಕಾರ ಮತ್ತು ಸುಜ್ಞಾನಿಯರ ಮಗನಾಗಿ ಬರುತ್ತಾನೆ. ಅವನು ಮದ್ದಳೆ ನುಡಿಸುತ್ತಾನೆ, ಅವಳು ಮರುಳಾಗುತ್ತಾಳೆ, ಆದರೆ ಅವನು ಅವಳ ಕೈಗೆ ಸಿಗುವುದಿಲ್ಲ.

ಈ ಬದಲಾವಣೆಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಶರಣರ ಚರಿತ್ರೆ ಮತ್ತು ವಚನಗಳನ್ನು ಸಂಕಲಿಸಿ ವ್ಯವಸ್ಥೆಗೊಳಿಸುವ ಕಾರ್ಯ ವಿಜಯನಗರದ ಈ ಕಾಲದಲ್ಲಿ ಹುರುಪಿನಿಂದ ನಡೆದಿತ್ತು. ಅಂಥ ಸಂದರ್ಭದಲ್ಲಿ ಪರಮಗುರುವಿನ ಪೂರ್ವಾಶ್ರಮದಲ್ಲಿ ಮೋಹವೂ ಶೋಕವೂ ಇರುವುದು ಇರಿಸುಮುರಿಸಿನ ಸಂಗತಿ. ಚಾಮರಸನ ಅಲ್ಲಮ ಸೋಲುವುದಿಲ್ಲ. ಸೋಲದವನು ಕಲಿಯಬೇಕಾದುದೂ ಇಲ್ಲ. ಅವನ ಬದುಕು ‘ಲೀಲೆ’ಯೇ ಹೊರತು ಸಾಧನೆಯಲ್ಲ. ಕಾವ್ಯವಾಗಿ ಈ ರೂಪಕಕ್ಕೆ ತನ್ನದೇ ಆದ ಭವ್ಯತೆ ಇದೆ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಗುರುತಿಸಬೇಕು. ಜ್ವರ ಬಂದು ಸತ್ತ ಹೆಣ್ಣೊಬ್ಬಳು ಇಲ್ಲಿ ತತ್ತ್ವವೊಂದರ ಹೆಸರಾಗಿದ್ದಾಳೆ. ಮಾಯೆ ಇರುವುದು ಹೆಣ್ಣಿನಲ್ಲಲ್ಲ, ನೋಡುವವನ ಮನಸ್ಸಿನ ಬಯಕೆಯಲ್ಲಿ ಎಂಬ ನಿಲುವು ಸ್ವತಃ ಅಲ್ಲಮನ ವಚನಗಳಲ್ಲಿಯೇ ವ್ಯಕ್ತವಾಗಿದೆ. ಆ ದೃಷ್ಟಿಯಿಂದ, ಅಲ್ಲಮನನ್ನು ಎತ್ತರಿಸಲೆಂದು ಕಟ್ಟಿದ ರೂಪಕವೇ ಅವನ ಅರಿವಿಗೆ ವ್ಯತಿರಿಕ್ತವಾಗಿ ನಿಂತಿದೆ ಎನ್ನಬೇಕಾಗುತ್ತದೆ.

3

ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಗೂಳೂರ ಸಿದ್ಧವೀರಣ್ಣನವರೆಗೆ ನಾಲ್ಕು ಪರಿಷ್ಕರಣಗಳಲ್ಲಿ ದೊರೆಯುವ ಶೂನ್ಯಸಂಪಾದನೆ ಮೂರನೆಯ ದಾರಿಯನ್ನು ಹಿಡಿಯುತ್ತದೆ. ವಚನಗಳನ್ನು ಸಂವಾದಗಳಾಗಿ ಜೋಡಿಸುವ ಈ ಕೃತಿಗೆ ಪ್ರೇಮಕಥೆಯೂ ಮುಖ್ಯವಲ್ಲ, ಮಾಯೆಯ ಸೋಲೂ ಮುಖ್ಯವಲ್ಲ. ಅನಿಮಿಷನಿಂದ ಲಿಂಗವನ್ನು ಪಡೆದಲ್ಲಿಂದಲೇ ಅಲ್ಲಮನ ನಡೆ ಆರಂಭ. ಮೇಲುನೋಟಕ್ಕೆ ಇಲ್ಲಿ ಶೋಕ ಸಂಪೂರ್ಣವಾಗಿ ಮರೆಯಾಗಿದೆ. ಆದರೆ ಗುರುವಾಗಿ ಅಲ್ಲಮ ನಡೆಸುವ ಮೊದಲ ಪೂರ್ಣಪ್ರಮಾಣದ ಸಂವಾದ ಯಾರೊಂದಿಗೆ ಎಂಬುದನ್ನು ಗಮನಿಸಿದರೆ ಚಿತ್ರ ಬೇರೆಯಾಗುತ್ತದೆ. ಆಕೆ ಮುಕ್ತಾಯಕ್ಕ. ಲಿಂಗವನ್ನು ಯಾರ ಕಣ್ಣಿಗೂ ಬೀಳದಂತೆ ಇರಿಸಿಕೊಂಡಿದ್ದ ಗುಪ್ತಭಕ್ತ ಅಜಗಣ್ಣನು ಬಾಗಿಲು ತಲೆಗೆ ತಾಗಿ ಮಡಿದಿದ್ದಾನೆ. ಅವನು ಮುಕ್ತಾಯಕ್ಕನಿಗೆ ಒಡಹುಟ್ಟಿದವನೂ ಹೌದು, ಗುರುವೂ ಹೌದು. ಹರಿಹರನ ಅಲ್ಲಮನಿಗೆ ಬೇರೆ ಬೇರೆಯಾಗಿ ಬಂದೊದಗಿದ ಎರಡು ಸಾವುಗಳು ಮುಕ್ತಾಯಕ್ಕನ ಪಾಲಿಗೆ ಒಂದೇ ಆಗಿ ಬಂದಿವೆ. ಇದು ಸಂಕಲನಕಾರರ ಉದ್ದೇಶವೆಂಬ ವಾದವಲ್ಲ. ಎರಡು ಪಠ್ಯಗಳನ್ನು ಒಟ್ಟಿಗೆ ಓದಿದಾಗ ಕಾಣುವ ಹೊಂದಿಕೆ.

ಮುಕ್ತಾಯಕ್ಕ ಸುಲಭವಾಗಿ ಒಪ್ಪುವ ಶಿಷ್ಯೆಯಲ್ಲ. ಅರಿತವನಿಗೆ ಮಾತಿನ ಹಂಗೇಕೆ, ನುಡಿಯುವವನಲ್ಲಿ ಇನ್ನೂ ‘ನಾನು’ ‘ನೀನು’ ಎಂಬ ಎರಡು ಉಳಿದಿವೆಯಲ್ಲವೇ ಎಂಬುದು ಆಕೆಯ ಆಕ್ಷೇಪದ ಸಾರ. ಮಾತಿಲ್ಲದೆ ಬದುಕಿದ ಅಣ್ಣನ ಮೌನವೇ ಆಕೆಯ ಅಳತೆಗೋಲು. ಈ ಪ್ರಶ್ನೆ ಅಲ್ಲಮನ ಗುರುತ್ವದ ಬುಡವನ್ನೇ ಮುಟ್ಟುತ್ತದೆ. ಅವನಿಗೆ ಲಿಂಗವಿತ್ತ ಅನಿಮಿಷನೂ ಬೋಧಿಸಿದವನಲ್ಲ. ಮೌನದಿಂದ ಪಡೆದುದನ್ನು ಮಾತಿನಿಂದ ಕೊಡಬಹುದೇ? ಸತ್ತ ಗುರುವಿನ ಮೌನಕ್ಕೆ ಅಂಟಿಕೊಂಡು ಕುಳಿತರೆ ಆ ಮೌನವೂ ಬಂಧನವೇ ಎಂಬುದನ್ನು ಸಂವಾದದುದ್ದಕ್ಕೂ ಅಲ್ಲಮ ಕಾಣಿಸುತ್ತಾ ಹೋಗುತ್ತಾನೆ. ಅಳಬೇಡವೆಂಬ ಸಾಂತ್ವನ ಅವನ ಗುರಿಯಲ್ಲ. ಅಗಲಿದವನನ್ನು ತನ್ನಿಂದ ಬೇರೆಯೆಂದು ಬಗೆದಿರುವ ತಿಳಿವಳಿಕೆಯನ್ನೇ ಅವನು ಪ್ರಶ್ನಿಸುತ್ತಾನೆ. ಇಲ್ಲಿ ಶಿಷ್ಯೆ ಗುರುವನ್ನು ಒಪ್ಪುವ ಮೊದಲು ಪರೀಕ್ಷಿಸುತ್ತಾಳೆ. ಗುರು ಆ ಪರೀಕ್ಷೆಗೆ ತನ್ನನ್ನು ಒಡ್ಡಿಕೊಳ್ಳುತ್ತಾನೆ.

ಮುಂದಿನ ಪ್ರಸಂಗಗಳಲ್ಲಿಯೂ ಬೋಧೆಯ ಕ್ರಮ ಒಂದೇ ಅಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ‘ವಡ್ಡ’ನೆಂದು ಹೀಯಾಳಿಸಿ ಕರೆದು, ಸತ್ಕಾರ್ಯದೊಳಗಿನ ಅಹಂಕಾರವನ್ನು ಕೆಣಕುತ್ತಾನೆ. ಕತ್ತಿಯ ಏಟಿಗೂ ಜಗ್ಗದ ಗೋರಕ್ಷನ ವಜ್ರಕಾಯದ ಎದುರು, ಕತ್ತಿ ಬಯಲಲ್ಲಿ ಹಾಯ್ದುಹೋಗುವಂಥ ದೇಹವನ್ನು ತೋರುತ್ತಾನೆ. ಒಬ್ಬರಿಗೆ ಶೋಕ, ಒಬ್ಬರಿಗೆ ಕಾಯಕ, ಮತ್ತೊಬ್ಬರಿಗೆ ಕಾಯಸಿದ್ಧಿ ಹೀಗೆ ಅವರವರು ಅಂಟಿಕೊಂಡ ಎಡೆಯಲ್ಲಿಯೇ ಬೋಧೆ ಆರಂಭವಾಗುತ್ತದೆ. ಅಲ್ಲಮ ಹೊಸದೇನನ್ನೂ ಕೊಡುವುದಿಲ್ಲ, ಹಿಡಿದುದನ್ನು ಬಿಡಿಸುತ್ತಾನೆ.

4

ಮೂರು ನಿರೂಪಣೆಗಳನ್ನು ಹೀಗೆ ಎದುರುಬದುರಾಗಿ ಇರಿಸಿದಾಗ ಹೊರಡುವ ತೀರ್ಮಾನ ಇಷ್ಟು: ಹರಿಹರನಲ್ಲಿ ಕಲಿತವನಿದ್ದಾನೆ, ಕಲಿಸುವವನ ಚಿತ್ರ ಅಷ್ಟಾಗಿ ಬೆಳೆದಿಲ್ಲ, ಶೂನ್ಯಸಂಪಾದನೆಯಲ್ಲಿ ಕಲಿಸುವವನಿದ್ದಾನೆ, ಅವನು ಕಲಿತ ನೋವಿನ ಕಥೆ ಇಲ್ಲ, ಚಾಮರಸನಲ್ಲಿ ಕಲಿಯುವ ಅಗತ್ಯವೇ ಇಲ್ಲ. ಸ್ನಾತಕೋತ್ತರ ತರಗತಿಗಳಲ್ಲಿ ರಗಳೆ, ಷಟ್ಪದಿ ಮತ್ತು ವಚನಗಳನ್ನು ಸಾಮಾನ್ಯವಾಗಿ ಪ್ರತ್ಯೇಕ ಪ್ರಕಾರಗಳಾಗಿ ಬೋಧಿಸುವುದರಿಂದ ಈ ಕೊಂಡಿ ಕಣ್ಣಿಗೆ ಬೀಳುವುದಿಲ್ಲ. ಹರಿಹರನ ಅಲ್ಲಮನನ್ನು ನೆನಪಿನಲ್ಲಿರಿಸಿಕೊಂಡು ಮುಕ್ತಾಯಕ್ಕನ ಪ್ರಸಂಗವನ್ನು ಓದಿದರೆ, ಅಲ್ಲಿನ ತಾತ್ತ್ವಿಕ ವಾದದ ಹಿಂದೆ ಅದೇ ದುಃಖವನ್ನು ಹಾಯ್ದು ಬಂದವನ ದನಿ ಕೇಳುತ್ತದೆ. ಆಗ ಅಲ್ಲಮನ ಕಠೋರತೆಯನ್ನು ನಿರ್ದಯತೆಯೆಂದು ಭಾವಿಸಬೇಕಾಗಿಲ್ಲ.

ಗುರುವನ್ನು ಸೋಲರಿಯದ ಅವತಾರಪುರುಷನೆಂದು ಕಾಣುವ ಪರಂಪರೆಯ ಬದಿಯಲ್ಲಿಯೇ, ಸೋತು ಕಲಿತವನನ್ನು ಗುರುವೆಂದು ಕಂಡ ಮತ್ತೊಂದು ಪರಂಪರೆ ಕನ್ನಡದಲ್ಲಿದೆ. ಮೊದಲನೆಯದು ಗುರುವನ್ನು ಪೂಜ್ಯನನ್ನಾಗಿಸುತ್ತದೆ. ಎರಡನೆಯದು ಗುರುವಿನ ದಾರಿಯನ್ನು ಶಿಷ್ಯನೂ ನಡೆಯಬಹುದಾದ ದಾರಿಯನ್ನಾಗಿಸುತ್ತದೆ. ಅಲ್ಲಮನ ಅಧ್ಯಯನದಲ್ಲಿ ಕಾಮಲತೆಯ ಸಾವಿಗೆ ಮತ್ತೆ ಸ್ಥಾನ ದೊರೆಯಬೇಕಾದುದು ಈ ಕಾರಣಕ್ಕಾಗಿ.