ಒಂದೇ ತರಗತಿ, ಎರಡು ಭಾಷೆ: ಅಮೆರಿಕದ ದ್ವಿಭಾಷಾ ಚಾರ್ಟರ್ ಶಾಲೆ ನಡೆಯುವ ಬಗೆ

ಅಮೆರಿಕದಲ್ಲಿ ‘ಚಾರ್ಟರ್ ಶಾಲೆ’ ಎಂಬ ಒಂದು ಬಗೆಯ ಶಾಲೆಗಳಿವೆ. ಹಣ ಸರ್ಕಾರದ್ದು, ಮಕ್ಕಳಿಂದ ಶುಲ್ಕ ಪಡೆಯುವಂತಿಲ್ಲ. ಆದರೆ ಶಾಲೆಯನ್ನು ನಡೆಸುವುದು ಒಂದು ಪ್ರತ್ಯೇಕ ಆಡಳಿತ ಮಂಡಳಿ. ಇದನ್ನು ಕೇಳಿದ ಕೂಡಲೇ ನಮಗೆ ಇಲ್ಲಿನ ಅನುದಾನಿತ ಶಾಲೆಗಳು ನೆನಪಾಗುತ್ತವೆ. ಹೋಲಿಕೆ ಇದೆ, ಆದರೆ ಪೂರ್ತಿ ಅಲ್ಲ. ನಮ್ಮ ಅನುದಾನ ಮುಖ್ಯವಾಗಿ ಮಂಜೂರಾದ ಹುದ್ದೆಗಳ ಶಿಕ್ಷಕರ ಸಂಬಳಕ್ಕೆ ಬರುತ್ತದೆ. ಚಾರ್ಟರ್ ಶಾಲೆಗೆ ಒಬ್ಬ ವಿದ್ಯಾರ್ಥಿಗೆ ಇಷ್ಟು ಎಂದು ಲೆಕ್ಕ ಹಾಕಿ ಹಣ ಬರುತ್ತದೆ. ಸಂಬಳ, ಪುಸ್ತಕ, ಕರೆಂಟು ಬಿಲ್ಲು ಎಲ್ಲವನ್ನೂ ಶಾಲೆ ಅದರಲ್ಲೇ ಹೊಂದಿಸಿಕೊಳ್ಳಬೇಕು.

ಚಾರ್ಟರ್ ಎಂದರೆ ಇಲ್ಲಿ ಒಂದು ಕರಾರುಪತ್ರ ಎಂದು ತಿಳಿದರೆ ಸಾಕು. ನಾವು ಏನು ಕಲಿಸುತ್ತೇವೆ, ಹೇಗೆ ಕಲಿಸುತ್ತೇವೆ, ಮಕ್ಕಳು ಎಷ್ಟು ಕಲಿತಿರುತ್ತಾರೆ ಎಂದು ಶಾಲೆ ಬರೆದುಕೊಡುತ್ತದೆ. ಅದಕ್ಕೆ ಬದಲಾಗಿ ಸಾಮಾನ್ಯ ಸರ್ಕಾರಿ ಶಾಲೆಗಳಿಗಿರುವ ಎಷ್ಟೋ ನಿಯಮಗಳಿಂದ ಅದಕ್ಕೆ ವಿನಾಯಿತಿ ಸಿಗುತ್ತದೆ. ಮಾತು ಉಳಿಸಿಕೊಳ್ಳದಿದ್ದರೆ ಕರಾರು ರದ್ದು, ಶಾಲೆ ಬಂದ್. ಇಂಥ ಕಾನೂನನ್ನು ಮೊದಲು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ಮರುವರ್ಷ ಅಲ್ಲಿನ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಕರಾರಿನ ಅವಧಿ 15 ವರ್ಷ. ಕನಿಷ್ಠ 5 ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ.

ನಮ್ಮ ಕಾಲೇಜಿನವರಿಗೆ ಕುತೂಹಲ ಹುಟ್ಟಿಸುವ ಒಂದು ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಸಂವಿಧಾನದ 30ನೇ ವಿಧಿಯ ಪ್ರಕಾರ ಧಾರ್ಮಿಕ ಅಥವಾ ಭಾಷಾ ಅಲ್ಪಸಂಖ್ಯಾತರು ತಮ್ಮದೇ ಸಂಸ್ಥೆ ಕಟ್ಟಬಹುದು, ಸರ್ಕಾರದ ಅನುದಾನವನ್ನೂ ಪಡೆಯಬಹುದು. ಅಮೆರಿಕದ ಚಾರ್ಟರ್ ಶಾಲೆ ಧಾರ್ಮಿಕ ಶಾಲೆಯಾಗಿರುವಂತಿಲ್ಲ. ಒಕ್ಲಹೋಮ ರಾಜ್ಯದಲ್ಲಿ ಒಂದು ಕ್ಯಾಥೊಲಿಕ್ ಚಾರ್ಟರ್ ಶಾಲೆಯ ಪ್ರಸ್ತಾಪ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿಗಳು 4–4 ಎಂದು ಸಮವಾಗಿ ಒಡೆದುಹೋದರು. ಹಾಗಾಗಿ ಶಾಲೆ ಬೇಡ ಎಂದಿದ್ದ ರಾಜ್ಯ ನ್ಯಾಯಾಲಯದ ತೀರ್ಪೇ ಉಳಿಯಿತು.

ಇನ್ನು ಭಾಷೆಯ ವಿಷಯ. ಸ್ಪ್ಯಾನಿಷ್–ಇಂಗ್ಲಿಷ್ ದ್ವಿಭಾಷಾ ಶಾಲೆ ಚಾರ್ಟರ್ ಶಾಲೆಗಿಂತ ಹಳೆಯದು. ಕ್ಯೂಬಾದ ಕ್ರಾಂತಿಯ ನಂತರ ಸಾವಿರಾರು ಕುಟುಂಬಗಳು ಸಮುದ್ರ ದಾಟಿ ಫ್ಲಾರಿಡಾಕ್ಕೆ ಬಂದವು. ಅಲ್ಲಿನ ಮಯಾಮಿ ಪ್ರದೇಶದ ಕೋರಲ್ ವೇ ಎಂಬ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 1963ರಲ್ಲಿ ಕ್ಯೂಬಾದ ಮಕ್ಕಳನ್ನೂ ಇಂಗ್ಲಿಷ್ ಮನೆಯ ಮಕ್ಕಳನ್ನೂ ಸೇರಿಸಿ, ಅರ್ಧ ದಿನ ಒಂದು ಭಾಷೆ, ಅರ್ಧ ದಿನ ಇನ್ನೊಂದು ಭಾಷೆ ಎಂದು ಪಾಠ ಶುರುಮಾಡಿದರು. ಆದರೆ ದೇಶದ ಬಹುತೇಕ ಕಡೆ ಹೀಗಿರಲಿಲ್ಲ. ಇಂಗ್ಲಿಷ್ ಬಾರದ ಮಗುವನ್ನು ಇಂಗ್ಲಿಷ್ ತರಗತಿಯಲ್ಲೇ ಕೂರಿಸಿ, ಅರ್ಥವಾದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದು ಬಿಡುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಪರವಾಗಿ ಹೂಡಿದ ಲಾವ್ ವಿರುದ್ಧ ನಿಕೋಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಇದನ್ನು ತಪ್ಪೆಂದಿತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಬಂದಂತಾಗುವುದಿಲ್ಲ ಎಂಬುದು ತೀರ್ಪಿನ ತಿರುಳು.

ಆಮೇಲೂ ಗಾಳಿ ಹಿಂದಕ್ಕೆ ಬೀಸಿತು. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಜನಮತದ ಮೂಲಕ ದ್ವಿಭಾಷಾ ಬೋಧನೆಗೆ ಕಡಿವಾಣ ಬಿತ್ತು. ಅದು ಸಡಿಲವಾದದ್ದು 2016ರ ಇನ್ನೊಂದು ಜನಮತದಲ್ಲಿ. ನಡುವಿನ ವರ್ಷಗಳಲ್ಲಿ ಚಾರ್ಟರ್ ಶಾಲೆಗಳಿಗೆ ಈ ಕಡಿವಾಣ ಅನ್ವಯಿಸಲಿಲ್ಲ. ಸ್ಯಾಂಟಾ ಆನಾ ನಗರದ ‘ಎಲ್ ಸೋಲ್’ ಚಾರ್ಟರ್ ಶಾಲೆ ಆ ಅವಧಿಯಲ್ಲೇ, 2001ರಲ್ಲಿ, ಶುರುವಾಯಿತು. ವಾಷಿಂಗ್ಟನ್‌ನಲ್ಲೂ ಎಲ್ ಸಾಲ್ವಡಾರ್ ದೇಶದಿಂದ ಬಂದ ಕುಟುಂಬಗಳು ಬಹಳ. ಅಲ್ಲಿ 2004ರಲ್ಲಿ ‘ಡಿಸಿ ಬೈಲಿಂಗ್ವಲ್’, 2011ರಲ್ಲಿ ‘ಮುಂಡೊ ವೆರ್ದೆ’ ಎಂಬ ಚಾರ್ಟರ್ ಶಾಲೆಗಳು ತೆರೆದವು. ಮುಂಡೊ ವೆರ್ದೆ ಎಂದರೆ ಹಸಿರು ಜಗತ್ತು.

ತರಗತಿಯ ಒಳಗೆ ಏನಾಗುತ್ತದೆ? ಮುಖ್ಯವಾಗಿ ಎರಡು ಪದ್ಧತಿಗಳಿವೆ. ಒಂದು 50–50. ಎರಡು ತರಗತಿಗೆ ಇಬ್ಬರು ಶಿಕ್ಷಕರು ಜೋಡಿಯಾಗಿರುತ್ತಾರೆ, ಒಬ್ಬರು ಸ್ಪ್ಯಾನಿಷ್, ಒಬ್ಬರು ಇಂಗ್ಲಿಷ್. ಅರ್ಧ ದಿನಕ್ಕೋ ದಿನ ಬಿಟ್ಟು ದಿನವೋ ಮಕ್ಕಳ ಗುಂಪು ಅದಲು ಬದಲಾಗುತ್ತದೆ. ಇನ್ನೊಂದು 90–10. ಇದರಲ್ಲಿ ಶಾಲೆಗೆ ಸೇರಿದ ಮೊದಲ ವರ್ಷ ದಿನದ ನೂರಕ್ಕೆ 90 ಭಾಗ ಸ್ಪ್ಯಾನಿಷ್. ವರ್ಷವರ್ಷವೂ ಅದನ್ನು ಇಳಿಸುತ್ತಾ, 4 ಅಥವಾ 5ನೇ ತರಗತಿಯ ಹೊತ್ತಿಗೆ ಎರಡನ್ನೂ ಸಮಕ್ಕೆ ತರುತ್ತಾರೆ. ಇಂಗ್ಲಿಷ್ ದೇಶದಲ್ಲಿ ಇಷ್ಟು ಸ್ಪ್ಯಾನಿಷ್ ಏಕೆ ಎಂದರೆ, ಇಂಗ್ಲಿಷ್ ಟಿವಿಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಹೇಗೂ ಸಿಗುತ್ತದೆ. ಶಾಲೆ ಕೊಡದಿದ್ದರೆ ಸಿಗದಿರುವುದು ಸ್ಪ್ಯಾನಿಷ್. ಓದು ಕಲಿಯಲು ಅದು ಸುಲಭವೂ ಹೌದು. ಐದೇ ಸ್ವರಗಳು, ಬಹುಮಟ್ಟಿಗೆ ನಮ್ಮ ಕನ್ನಡದ ಹಾಗೆ ಬರೆದಂತೆ ಓದು. ಇಂಗ್ಲಿಷಿನ ದೋ, ಟಫ್, ಥ್ರೂ ಎಂಬ ಮೂರು ಪದಗಳ ಕೊನೆಯ ನಾಲ್ಕು ಅಕ್ಷರ ಒಂದೇ, ಉಚ್ಚಾರ ಮೂರು ಬಗೆ! ಸ್ಪ್ಯಾನಿಷಿನಲ್ಲಿ ಪ್ರಶ್ನೆಯ ಮೊದಲಲ್ಲೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ, ಗಟ್ಟಿಯಾಗಿ ಓದುವ ಮಗುವಿಗೆ ದನಿ ಎಲ್ಲಿ ಏರಿಸಬೇಕೆಂದು ಮೊದಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಶಿಕ್ಷಕರು ಒಂದು ಪಾಠವನ್ನು ಒಂದು ಭಾಷೆಯಲ್ಲಿ ಹೇಳಿ, ಅದನ್ನೇ ಇನ್ನೊಂದರಲ್ಲಿ ಅನುವಾದಿಸುವುದಿಲ್ಲ. ಹಾಗೆ ಮಾಡಿದರೆ ಮಗು ತನಗೆ ಬರುವ ಭಾಷೆಗಾಗಿ ಕಾಯುತ್ತಾ ಕೂರುತ್ತದೆ. ಗಣಿತ ಸ್ಪ್ಯಾನಿಷಿನಲ್ಲಿ ನಡೆದರೆ ಅದು ಸ್ಪ್ಯಾನಿಷಿನಲ್ಲೇ ಮುಗಿಯುತ್ತದೆ. ಮಗು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೂ ಸ್ಪ್ಯಾನಿಷ್ ಟೀಚರ್ ಉತ್ತರಿಸುವುದು ಸ್ಪ್ಯಾನಿಷಿನಲ್ಲೇ. ಚಿತ್ರ, ಕೈಸನ್ನೆ, ಹಾಡು, ಎದುರಿಗಿಟ್ಟ ವಸ್ತು, ಇವುಗಳಿಂದ ಅರ್ಥ ಮಾಡಿಸಬೇಕು. ಗೋಡೆಯ ಮೇಲಿನ ಬರಹಕ್ಕೂ ಎರಡು ಭಾಷೆಗೆ ಎರಡು ಬಣ್ಣ ಬಳಸುವುದು ಸಾಮಾನ್ಯ.

ಪಾಠ ಮುಗಿದ ಮೇಲೆ ಮಾತ್ರ ಎರಡು ಭಾಷೆಗಳನ್ನು ಪಕ್ಕಪಕ್ಕ ಇಡುತ್ತಾರೆ. ಇದಕ್ಕೆ ಅವರು ‘ಸೇತುವೆ’ ಎನ್ನುತ್ತಾರೆ. ಫ್ಯಾಮಿಲಿ–ಫಮೀಲ್ಯ, ನಂಬರ್–ನೂಮೆರೊ ಹೀಗೆ ನೆಂಟಸ್ತಿಕೆ ಇರುವ ಪದಗಳನ್ನು ಮಕ್ಕಳೇ ಹುಡುಕಿ ಬರೆಯುತ್ತಾರೆ. ಮೋಸಗಾರ ಪದಗಳನ್ನೂ ಹಿಡಿಯುತ್ತಾರೆ. ‘ಸೋಪ’ ಎಂದರೆ ಸೋಪು ಅಲ್ಲ, ಸೂಪು. ‘ರೋಪ’ ಎಂದರೆ ಹಗ್ಗವಲ್ಲ, ಬಟ್ಟೆ. ನನ್ನಂತೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆದವರು ಈ ಆಟವನ್ನು ಕೂಡಲೇ ಆಡಬಹುದು. ನಾವು ಅಕೌಂಟೆನ್ಸಿಯಲ್ಲಿ ಬರೆಯುವ ಜಮಾ, ಖರ್ಚು, ಬಾಕಿ, ವಸೂಲಿ ಎಲ್ಲವೂ ನಮ್ಮ ಅಮ್ಮಿಗೂ ಗೊತ್ತಿರುವ ಪದಗಳು. ಮೋಸಗಾರ ಪದವೂ ಇದೆ. ಉರ್ದುವಿನಲ್ಲಿ ‘ಖುಲಾಸಾ’ ಎಂದರೆ ಸಾರಾಂಶ. ಕನ್ನಡ ಪತ್ರಿಕೆಯಲ್ಲಿ ಆರೋಪಿ ‘ಖುಲಾಸೆ’ ಎಂದರೆ ಅವನ ಸಾರಾಂಶವಲ್ಲ, ಬಿಡುಗಡೆ!

ಈ ಶಾಲೆಯ ನಿಜವಾದ ಬಂಡವಾಳ ಮಕ್ಕಳೇ. ಇಂಗ್ಲಿಷ್ ಮನೆಯ ಮಗುವನ್ನೂ ಸ್ಪ್ಯಾನಿಷ್ ಮನೆಯ ಮಗುವನ್ನೂ ಜೋಡಿ ಮಾಡಿ ಕೂರಿಸುತ್ತಾರೆ. ಬೆಳಿಗ್ಗೆ ಒಬ್ಬ ಇನ್ನೊಬ್ಬನಿಗೆ ಹೇಳಿಕೊಟ್ಟರೆ ಮಧ್ಯಾಹ್ನ ಅದು ತಿರುಗುಮುರುಗು. ಬೇರೆ ಶಾಲೆಯಲ್ಲಿ ಸ್ಪ್ಯಾನಿಷ್ ಮಗುವಿನ ಮನೆಮಾತು ಬೇಗ ತೀರಿಸಬೇಕಾದ ಸಾಲದಂತೆ ಹೊಣೆಯ ಕಡೆ ಬರೆಯಲ್ಪಡುತ್ತದೆ. ಇಲ್ಲಿ ಅದು ಆಸ್ತಿಯ ಕಡೆಗೆ ಬರುತ್ತದೆ. ಈ ಶಾಲೆಗಳ ಬಗ್ಗೆ ಓದುವಾಗ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ.

ಇದರಿಂದ ಇಂಗ್ಲಿಷ್ ಹಿಂದೆ ಬೀಳುವುದಿಲ್ಲವೇ? ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ಅಲ್ಲಿ ದ್ವಿಭಾಷಾ ತರಗತಿಗಳಿಗೆ ಅರ್ಜಿಗಳು ಹೆಚ್ಚು ಬಂದು ಲಾಟರಿ ಎತ್ತುತ್ತಿದ್ದರು. ಲಾಟರಿ ಗೆದ್ದ ಮಕ್ಕಳನ್ನು ಸೋತ ಮಕ್ಕಳ ಜೊತೆ ಹೋಲಿಸಿದರು. ಇಬ್ಬರ ಮನೆಯವರೂ ಅರ್ಜಿ ಹಾಕಿದವರೇ ಆದ್ದರಿಂದ ಹೋಲಿಕೆ ನ್ಯಾಯವಾದದ್ದು. ಇಂಗ್ಲಿಷ್ ಓದಿನಲ್ಲಿ ಗೆದ್ದವರು 5ನೇ ತರಗತಿಯಲ್ಲಿ ಸುಮಾರು 7 ತಿಂಗಳು, 8ನೇ ತರಗತಿಯಲ್ಲಿ ಸುಮಾರು 9 ತಿಂಗಳ ಕಲಿಕೆಯಷ್ಟು ಮುಂದಿದ್ದರು. ಗಣಿತ, ವಿಜ್ಞಾನದಲ್ಲಿ ನಷ್ಟವಾಗಿರಲಿಲ್ಲ. ಅವು ಚಾರ್ಟರ್ ಶಾಲೆಗಳಲ್ಲ, ಸಾಮಾನ್ಯ ಸರ್ಕಾರಿ ಶಾಲೆಗಳು. ಆದರೆ ಕಲಿಸುವ ಪದ್ಧತಿ ಇದೇ.

ಫಲ ಬರುವುದು ತಡವಾಗಿ ಎಂಬುದನ್ನು ಗಮನಿಸಿ, ಏಕೆಂದರೆ ತೊಂದರೆ ಇರುವುದು ಅಲ್ಲೇ. ಅಮೆರಿಕದ ಕಾನೂನಿನಂತೆ 3ನೇ ತರಗತಿಯಿಂದಲೇ ಪ್ರತಿ ವರ್ಷ ಓದು ಮತ್ತು ಗಣಿತದ ಸರ್ಕಾರಿ ಪರೀಕ್ಷೆ ಇರುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. 90–10 ಪದ್ಧತಿಯ ಮಗು ಆಗಿನ್ನೂ ಹೆಚ್ಚಿನ ಓದನ್ನು ಸ್ಪ್ಯಾನಿಷಿನಲ್ಲಿ ಮಾಡುತ್ತಿರುತ್ತದೆ. ಸಾಮಾನ್ಯ ಶಾಲೆಗೆ ಅಂಕ ಕಡಿಮೆಯಾದರೆ ಕೆಟ್ಟ ಹೆಸರು, ಚಾರ್ಟರ್ ಶಾಲೆಗೆ ಕರಾರೇ ಹೋಗಬಹುದು. ಇನ್ನೊಂದು ಲೆಕ್ಕ ಕಾಮರ್ಸ್‌ನವರಿಗೆ ಬೇಗ ಹೊಳೆಯುತ್ತದೆ. ಹಣ ತಲೆಲೆಕ್ಕದಲ್ಲಿ ಬರುತ್ತದೆ. 3ನೇ ತರಗತಿಯಲ್ಲಿ ನಾಲ್ಕು ಮಕ್ಕಳು ಊರು ಬಿಟ್ಟರೆ ನಾಲ್ವರ ಹಣ ಹೋಯಿತು, ಶಿಕ್ಷಕರ ಸಂಬಳ ಮಾತ್ರ ಅಷ್ಟೇ. ಬೇರೆ ಶಾಲೆ ಹೊಸಬರನ್ನು ಸೇರಿಸಿಕೊಂಡು ಸುಮ್ಮನಾಗುತ್ತದೆ. ಇಲ್ಲಿ ಸ್ಪ್ಯಾನಿಷ್ ಒಂದಕ್ಷರವೂ ಬಾರದ ಮಗುವನ್ನು 3ನೇ ತರಗತಿಗೆ ಸೇರಿಸಿದರೆ ಪಾಠ ಏನೂ ಅರ್ಥವಾಗುವುದಿಲ್ಲ. ಹಾಗಾಗಿ ಮೇಲಿನ ತರಗತಿಗಳಲ್ಲಿ ಬೆಂಚು ಖಾಲಿ ಉಳಿಯುವುದುಂಟು.

ಎಲ್ಲಕ್ಕಿಂತ ಗಂಭೀರ ಪ್ರಶ್ನೆ, ಸೀಟು ಯಾರಿಗೆ ಎಂಬುದು. ವಾಷಿಂಗ್ಟನ್‌ನಲ್ಲಿ ಮೂರು ವರ್ಷದ ಮಗುವಿಗೇ ಅರ್ಜಿ ಹಾಕಬಹುದು. ಪೋಷಕರು 12 ಶಾಲೆಗಳವರೆಗೆ ಆದ್ಯತೆಯ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ಲಾಟರಿ ಎತ್ತುತ್ತದೆ. ಕೇಳಲು ನ್ಯಾಯವಾಗಿದೆ. ಆದರೆ ಎರಡು ಭಾಷೆ ಬಂದರೆ ಮಗುವಿಗೆ ಲಾಭ ಎಂದು ಅರಿತ, ಅನುಕೂಲಸ್ಥ ಇಂಗ್ಲಿಷ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಅರ್ಜಿ ಹಾಕುತ್ತವೆ. ಎರಡು ಕಡೆ ದುಡಿಯುವ ವಲಸೆ ಬಂದ ತಾಯಿಗೆ ಕೊನೆಯ ದಿನಾಂಕವೇ ಗೊತ್ತಾಗದಿರಬಹುದು. ಇದು ಹೆಚ್ಚಾದರೆ ಜೋಡಿ ಮಾಡಲು ಸ್ಪ್ಯಾನಿಷ್ ಮನೆಯ ಮಕ್ಕಳೇ ಸಾಲದೆ ಹೋಗುತ್ತಾರೆ. ಗ್ವಾಡಲೂಪೆ ವಾಲ್ಡೆಸ್ ಎಂಬ ವಿದ್ವಾಂಸರು 1997ರಷ್ಟು ಹಿಂದೆಯೇ ಎಚ್ಚರಿಸಿದ್ದರು: ಬಡ ಮಕ್ಕಳ ಮಾತೃಭಾಷೆ ಉಳ್ಳವರ ಮಕ್ಕಳಿಗೆ ಒದಗುವ ಸಾಧನ ಮಾತ್ರ ಆಗಬಾರದು, ಆ ಮಕ್ಕಳು ಏನು ಕಲಿತರು ಎಂಬುದನ್ನೂ ನೋಡಬೇಕು ಎಂದು.

ಆದ್ದರಿಂದ ಎಚ್ಚರವಿರುವ ಶಾಲೆಗಳು ಲಾಟರಿಗೆ ಮೊದಲೇ ವಲಸೆಗಾರರ ಓಣಿಗಳಿಗೆ, ಚರ್ಚುಗಳಿಗೆ, ಅಂಗಡಿಗಳಿಗೆ ಹೋಗಿ ಸ್ಪ್ಯಾನಿಷಿನಲ್ಲಿ ಅರ್ಜಿ ತುಂಬಿಸಿಕೊಳ್ಳುತ್ತವೆ. ಆಫೀಸಿನ ಕಿಟಕಿಯಲ್ಲಿ ಸ್ಪ್ಯಾನಿಷ್ ಬಲ್ಲವರನ್ನೇ ಕೂರಿಸುತ್ತವೆ. ಕೆಲವು ಕಡೆ ಪೋಷಕರ ಸಭೆ ನಡೆಯುವುದೂ ಸ್ಪ್ಯಾನಿಷಿನಲ್ಲಿ. ಇಂಗ್ಲಿಷ್ ಪೋಷಕರಿಗೆ ಕಿವಿಗೆ ಹಾಕಿಕೊಳ್ಳಲು ಇಯರ್‌ಫೋನ್ ಕೊಡುತ್ತಾರೆ, ಅದರಲ್ಲಿ ಅನುವಾದ ಬರುತ್ತಿರುತ್ತದೆ.