ಸೈಕಲ್ಲಿನ ಬಿ.ಬಿ. ಬೇರಿಂಗ್ ಎಷ್ಟು ವರ್ಷ ಬರುತ್ತೆ?

ಪೆಡಲ್ ತುಳಿದಾಗೆಲ್ಲ 'ಕಟಕ್ ಕಟಕ್' ಅನ್ನೋ ಸದ್ದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಕಾಟರ್ ಪಿನ್ ಬಿಗಿ ಮಾಡಿದ ಮೇಲೂ ಸದ್ದು ಹೋಗಲಿಲ್ಲ ಅಂದ್ರೆ ಬಾಟಮ್ ಬ್ರ್ಯಾಕೆಟ್ ನೋಡಬೇಕು. ಎರಡು ಕ್ರ್ಯಾಂಕ್‌ಗಳನ್ನು ಸೇರಿಸುವ ಆಕ್ಸಲ್, ಅದರ ಎರಡೂ ಕಡೆ ಕಪ್, ಕಪ್ಪಿನೊಳಗೆ ಬಾಲ್ಸ್: ಇಷ್ಟೇ ಅದರ ಒಳಗಿರೋದು. ಅಂಗಡಿಯಲ್ಲಿ ಇದನ್ನೇ ಬಿ.ಬಿ. ಅಂತಾರೆ.

ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಅಂಥ ಸೈಕಲ್ ಎಸ್ಸೆಸ್ಸೆಲ್ಸಿ ಮುಗಿಯುವ ತನಕ, ಅಂದ್ರೆ 3 ವರ್ಷ ಓಡಬೇಕು. ನಡುವೆ ಕೆಟ್ಟರೆ ಹಳ್ಳಿಯಿಂದ ಹೈಸ್ಕೂಲಿಗೆ ಹೋಗುವ ಹುಡುಗಿ ಮತ್ತೆ ಬಸ್ಸಿಗೆ ಕಾಯಬೇಕು. ಹಾಗಾದ್ರೆ ಬೇರಿಂಗ್ 3 ವರ್ಷ ತಡೆಯುತ್ತಾ? ಲೆಕ್ಕ ಹಾಕೋಣ.

ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವ್ಹೀಲ್‌ಗೆ 18 ಹಲ್ಲು, ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್ ಅಂತ ಇಟ್ಕೊಳ್ಳಿ. ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 5.4 ಮೀಟರ್ ಹೋಗುತ್ತೆ. ದಿನಕ್ಕೆ 10 ಕಿ.ಮೀ., ವರ್ಷಕ್ಕೆ 200 ದಿನ ಅಂದ್ರೆ ವರ್ಷಕ್ಕೆ ಸುಮಾರು 3.7 ಲಕ್ಷ ಸುತ್ತು, 3 ವರ್ಷಕ್ಕೆ 11 ಲಕ್ಷ.

ಈಗ ಮಷಿನ್ ಡಿಸೈನ್ ಪುಸ್ತಕದ ಸೂತ್ರ ನೋಡೋಣ. ಯಾವ ಭಾರದಲ್ಲಿ 100ಕ್ಕೆ 90 ಬೇರಿಂಗ್‌ಗಳು 10 ಲಕ್ಷ ಸುತ್ತು ತಾಳುತ್ತವೋ ಆ ಭಾರಕ್ಕೆ 'ಸಿ' ಅಂತಾರೆ. ನಿಜವಾಗಿ ಬೀಳುವ ಭಾರ 'ಪಿ'. ಬಾಲ್ ಬೇರಿಂಗ್‌ನಲ್ಲಿ ಸಿ ÷ ಪಿ ಎಷ್ಟು ಬರುತ್ತೋ ಅದರ ಘನದಷ್ಟು ಬಾಳಿಕೆ ಹೆಚ್ಚುತ್ತೆ. ಪಿಗಿಂತ ಸಿ 4 ಪಟ್ಟು ಇದ್ದರೆ 64 × 10 ಲಕ್ಷ, ಅಂದ್ರೆ 6 ಕೋಟಿ 40 ಲಕ್ಷ ಸುತ್ತು. ನಮ್ಮ ಹುಡುಗಿಗೆ ಬೇಕಿರೋದು ಬರೀ 11 ಲಕ್ಷ! ಭಾರದಿಂದ ಬೇರಿಂಗ್ ಸಾಯಲ್ಲ ಅಂತಾಯ್ತು.

ಮತ್ತೆ ಯಾಕೆ ಬೇಗ ಹೋಗುತ್ತೆ? ಆ ಸೂತ್ರ ಒಳಗೆ ಸ್ವಚ್ಛ ಗ್ರೀಸ್ ಇದೆ ಅಂತ ನಂಬಿಕೊಂಡು ಮಾಡಿದ್ದು. ಬಾದಾಮಿಯ ಮರಳುಗಲ್ಲಿನಲ್ಲೂ ಇಳಕಲ್ಲಿನ ಗ್ರಾನೈಟ್‌ನಲ್ಲೂ ಕ್ವಾರ್ಟ್ಜ್ ಇದೆ. ಮೋಸ್ ಅಳತೆಯಲ್ಲಿ ಅದರ ಗಟ್ಟಿತನ 7. ಆ ಧೂಳು ಗ್ರೀಸ್‌ಗೆ ಸೇರಿದರೆ ಗ್ರೀಸೇ ಉಜ್ಜುವ ಪೇಸ್ಟ್ ಆಗುತ್ತೆ. ಹುನಗುಂದದ ಕಡೆ ಎರೆಮಣ್ಣು, ಮಳೆಗಾಲದಲ್ಲಿ ಕೆಸರು ಮೆತ್ತಿಕೊಂಡು ನೀರು ಹಿಡಿದಿಡುತ್ತೆ. ಬಿ.ಬಿ. ಇರೋದು ಫ್ರೇಮಿನ ತಳದಲ್ಲಿ, ಹಾಗಾಗಿ ಸೀಟಿನ ಪೈಪಿನಿಂದ ಇಳಿದ ನೀರೂ ಅಲ್ಲೇ ನಿಂತು ತುಕ್ಕು ಹಿಡಿಸುತ್ತೆ.

ದುಬಾರಿ ಸೈಕಲ್‌ಗಳಲ್ಲಿ ಸೀಲ್ ಮಾಡಿದ ಕಾರ್ಟ್ರಿಡ್ಜ್ ಇರುತ್ತೆ. ಧೂಳು ತಡೆಯೋದರಲ್ಲಿ ಅದೇ ಮೇಲು. ಆದರೆ ಕೆಟ್ಟರೆ ಪೂರ್ತಿ ಬದಲಿಸಬೇಕು, ಬಿಚ್ಚೋಕೆ ಬೇರೆ ಟೂಲೂ ಬೇಕು. ಹಳೇ ಕಪ್-ಬಾಲ್ಸ್ ಬಿ.ಬಿ.ಯನ್ನು ಹಳ್ಳಿಯ ರಿಪೇರಿ ಅಂಗಡಿಯಲ್ಲೂ ಬಿಚ್ಚಬಹುದು. ಖರ್ಚನ್ನ ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡಿದರೆ, ನೋಡಿಕೊಳ್ಳುವವರಿಗೆ ನಮ್ಮೂರಲ್ಲಿ ಇದೇ ಲಾಭ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಮಾಡಿಸಬೇಕಾದ್ದು ಇಷ್ಟು:

1. ಎಡಗಡೆಯ ಕಾಟರ್ ಪಿನ್, ಕ್ರ್ಯಾಂಕ್, ಲಾಕ್ ರಿಂಗ್, ಕಪ್ ಬಿಚ್ಚಬೇಕು. ಬಲಗಡೆ ಕಪ್ಪಿನ ತ್ರೆಡ್ ಸಾಮಾನ್ಯವಾಗಿ ಉಲ್ಟಾ ಇರುತ್ತೆ, ಗೊತ್ತಿಲ್ಲದೆ ಜೋರು ಮಾಡಬಾರದು.

2. ಎಲ್ಲವನ್ನೂ ಚಿಮಣಿ ಎಣ್ಣೆಯಲ್ಲಿ ತೊಳೆದು ಒರೆಸಬೇಕು. ಕಪ್ಪಿನಲ್ಲಿ, ಆಕ್ಸಲ್ ಮೇಲೆ ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಬೇಕು.

3. ಬಾಲ್ಸ್ ಎಲ್ಲಾ ಒಟ್ಟಿಗೆ ಹೊಸದು ಹಾಕಬೇಕು. ಸಾಮಾನ್ಯವಾಗಿ ಕಾಲು ಇಂಚಿನವು, ಒಂದೊಂದು ಕಡೆ 11. ಹಳೇದು ಹೊಸದು ಬೆರೆಸಿದರೆ ದೊಡ್ಡ ಬಾಲ್ ಮೇಲೇ ಭಾರವೆಲ್ಲ ಬೀಳುತ್ತೆ.

4. ಗ್ರೀಸ್ ತುಂಬಿ, ಕ್ರ್ಯಾಂಕ್ ಅಲುಗಾಡದಂತೆ, ಆದ್ರೆ ಸಲೀಸಾಗಿ ತಿರುಗುವಂತೆ ಕಪ್ ಹೊಂದಿಸಿ ಲಾಕ್ ರಿಂಗ್ ಬಿಗಿ ಮಾಡಬೇಕು.

ಸದ್ದು ಬಂದ ಮೇಲೂ ತುಳೀತಾ ಹೋದರೆ ಮೊದಲು ಬಾಲ್ಸ್, ಆಮೇಲೆ ಕಪ್ಪು ಮತ್ತು ಆಕ್ಸಲ್ ಹೋಗುತ್ತೆ. ಕಪ್ ಸಡಿಲಾಗಿ ಕೊನೆಗೆ ಫ್ರೇಮಿನ ತ್ರೆಡ್ಡೇ ಹೋದರೆ ಸೈಕಲ್ಲು ಗುಜರಿಗೆ. 22 ಬಾಲ್ಸು, ಒಂದಿಷ್ಟು ಗ್ರೀಸು ಹಾಕೋ ಹೊತ್ತಲ್ಲಿ ಹಾಕಿದ್ರೆ ಅಷ್ಟು ದೂರ ಹೋಗಲ್ಲ. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗೋ ತಮ್ಮ ತಂಗಿ ಇದ್ದರೆ, ಈ ಭಾನುವಾರ ಅವರ ಸೈಕಲ್ಲಿನ ಕ್ರ್ಯಾಂಕ್ ಹಿಡಿದು ಒಮ್ಮೆ ಅಲುಗಾಡಿಸಿ ನೋಡಿ.