ವಾಂತಿಯ ಬೆನ್ನಿಗೇ ಎದೆನೋವೇ? ಸೋಡಾ ಕುಡಿಯಬೇಡಿ

ಜೋರಾಗಿ ವಾಂತಿಯಾಗಿ, ಅದರ ಬೆನ್ನಿಗೇ ಎದೆ ಸೀಳಿದಂಥ ನೋವು ಬಂದರೆ ‘ಗ್ಯಾಸ್ ಇರಬೇಕು’ ಎಂದು ಸೋಡಾ, ಮಜ್ಜಿಗೆ, ಜೀರಿಗೆ ಕಷಾಯ ಕುಡಿಯುತ್ತಾ ಕೂರಬೇಡಿ. ವಾಂತಿಯ ರಭಸಕ್ಕೆ ಅನ್ನನಾಳವೇ ಹರಿದಿರಬಹುದು. ಅಪರೂಪ, ನಿಜ. ಆದರೆ ಹರಿದಿದ್ದರೆ ಕುಡಿದದ್ದು ಎದೆಗೂಡಿನೊಳಕ್ಕೆ ಸೋರಿ ಸೋಂಕಾಗುತ್ತದೆ. ಡಚ್ ವೈದ್ಯ ಬೋರ್ಹಾವೆ 1724ರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು ಒಬ್ಬ ನೌಕಾಧಿಪತಿಯ ಶವಪರೀಕ್ಷೆ ಮಾಡಿ. ಆತ ತಿಂದಿದ್ದ ಬಾತುಕೋಳಿಯ ವಾಸನೆ ಎದೆಯೊಳಗಿತ್ತಂತೆ.

ಒಂದು ಹನಿ ನೀರೂ ಬೇಡ, ನೇರ ದೊಡ್ಡಾಸ್ಪತ್ರೆಗೆ ಹೋಗಿ. ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ಮನೆಗೆ ಹೊರಡಬೇಡಿ. ಮೊದಲು ವಾಂತಿ, ಆಮೇಲೆ ನೋವು ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಅವರು ಕೇಳದಿದ್ದರೂ ಹೇಳಿ. ಪತ್ತೆಗೆ ಅದೇ ದೊಡ್ಡ ಸುಳಿವು. ಕತ್ತು ಊದಿ, ಒತ್ತಿದಾಗ ಚರ್ಮದಡಿ ಚರಚರ ಎಂದರೆ ಅದನ್ನೂ ತಿಳಿಸಿ. ಬಣ್ಣದ್ರವ ಕುಡಿಸಿ ತೆಗೆಯುವ ಸಿಟಿ ಸ್ಕ್ಯಾನ್ ತೂತನ್ನು ತೋರಿಸಬಲ್ಲದು. ಮೊದಲ 24 ಗಂಟೆಯೊಳಗೆ ಹೊಲಿದು, ಸೋರಿದ್ದನ್ನು ತೊಳೆದರೆ ಉಳಿಯುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಅಂಚು ಕೊಳೆತು ಹೊಲಿಗೆ ನಿಲ್ಲುವುದಿಲ್ಲ.

ಎಂಡೋಸ್ಕೋಪಿಯಿಂದಲೂ ಒಮ್ಮೊಮ್ಮೆ ಅನ್ನನಾಳ ತೂತಾಗುತ್ತದೆ. ಅದನ್ನು ಮಾಡಿಸಿದ ದಿನ ರಾತ್ರಿ ಎದೆನೋವು, ಜ್ವರ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.